ಸೇಫ್ಟಿ ಸರಿಸಿದಾಗ ಹಾರಿದ ಗುಂಡು: ಒಂದು ರೈಫಲ್ ರೀಕಾಲ್ ಪ್ರಕರಣ

ಈ ಪ್ರಕರಣ ಅಮೆರಿಕದ್ದು. ಗ್ರಾಹಕರ ಹೆಸರು, ರಾಜ್ಯ, ಕಂಪನಿ, ರೈಫಲಿನ ಮಾದರಿ ಯಾವುದನ್ನೂ ಇಲ್ಲಿ ಹೇಳಿಲ್ಲ. ಉಳಿಸಿಕೊಂಡಿರುವುದು ಎರಡೇ ಸಂಗತಿ: ಯಂತ್ರದೊಳಗೆ ಏನಾಯಿತು, ಯಾವ ಘಟ್ಟದಲ್ಲಿ ಯಾರು ಏನು ತೀರ್ಮಾನಿಸಿದರು.

ಹಿನ್ನೆಲೆ

ಕಾರಿನ ಬ್ರೇಕಿನಲ್ಲಿ ದೋಷ ಕಂಡರೆ ಅಮೆರಿಕದ ಸರ್ಕಾರ ತಯಾರಕರನ್ನು ಕಟ್ಟಿಹಾಕಿ ವಾಹನಗಳನ್ನು ವಾಪಸ್ ಕರೆಸಬಲ್ಲದು. ಮಗುವಿನ ತೊಟ್ಟಿಲಿಗೂ ಅಂಥ ಕಾನೂನಿದೆ. ಬಂದೂಕಿಗೆ ಇಲ್ಲ. 1972ರ ಗ್ರಾಹಕ ಉತ್ಪನ್ನ ಸುರಕ್ಷತಾ ಕಾಯ್ದೆ ಬಂದೂಕನ್ನು ತನ್ನ ವ್ಯಾಪ್ತಿಯಿಂದ ಹೊರಗೇ ಇಟ್ಟಿದೆ. ಮದ್ಯ, ತಂಬಾಕು, ಬಂದೂಕು, ಸ್ಫೋಟಕಗಳನ್ನು ನೋಡಿಕೊಳ್ಳುವ ಕೇಂದ್ರದ ಎಟಿಎಫ್ ಇಲಾಖೆ ತಯಾರಕರಿಗೂ ಮಾರಾಟಗಾರರಿಗೂ ಲೈಸೆನ್ಸ್ ಕೊಡುತ್ತದೆ, ಮಾರಾಟದ ದಾಖಲೆ ನೋಡುತ್ತದೆ. ಟ್ರಿಗರ್ ಸರಿಯಾಗಿ ಕೂತಿದೆಯೇ ಎಂದು ನೋಡುವುದು ಅದರ ಕೆಲಸವಲ್ಲ. ಹಾಗಾಗಿ ಬಂದೂಕಿನ ರೀಕಾಲ್, ಅಂದರೆ ದೋಷವಿರುವುದನ್ನು ವಾಪಸ್ ಕರೆಯುವುದು, ಕಂಪನಿ ತಾನಾಗಿ ಮಾಡುವ ಕೆಲಸ. ದಾವೆಯ ಭಯ, ಹೆಸರಿನ ಚಿಂತೆ, ಕೆಲವೊಮ್ಮೆ ನಿಜವಾದ ಕಾಳಜಿ ಇದರ ಹಿಂದಿರುತ್ತವೆ. ರೂಗರ್ ಕಂಪನಿ 1973ಕ್ಕೆ ಹಿಂದಿನ ತನ್ನ ಸಿಂಗಲ್ ಆಕ್ಷನ್ ರಿವಾಲ್ವರುಗಳಿಗೆ ದಶಕಗಳಿಂದಲೂ ಉಚಿತವಾಗಿ ಸುರಕ್ಷತಾ ಭಾಗ ಹಾಕಿಕೊಡುತ್ತಿದೆ. ಹಳೆಯ ಭಾಗಗಳನ್ನೂ ಪೊಟ್ಟಣ ಕಟ್ಟಿ ಹಿಂದಿರುಗಿಸುತ್ತದೆ, ಏಕೆಂದರೆ ಸಂಗ್ರಾಹಕರಿಗೆ ಅವು ಬೇಕು. ರೆಮಿಂಗ್ಟನ್ 2014ರ ಏಪ್ರಿಲಿನಲ್ಲಿ 700 ಮತ್ತು ಸೆವೆನ್ ಮಾದರಿಯ ರೈಫಲುಗಳನ್ನು ವಾಪಸ್ ಕರೆಯಿತು. 2006ರ ಮೇ 1ರಿಂದ 2014ರ ಏಪ್ರಿಲ್ 9ರವರೆಗೆ ತಯಾರಾದ, ಎಕ್ಸ್ ಮಾರ್ಕ್ ಪ್ರೊ ಟ್ರಿಗರ್ ಇದ್ದವು ಅವು. ಜೋಡಣೆಯ ವೇಳೆ ಬಳಸಿದ ಅಂಟು ಕೆಲವು ಟ್ರಿಗರುಗಳಲ್ಲಿ ಹೆಚ್ಚಾಗಿರಬಹುದು ಎಂಬುದು ಕಂಪನಿ ಕೊಟ್ಟ ಕಾರಣ. ಸಣ್ಣ ತೊಟ್ಟು ಅಂಟು, ಎಂಟು ವರ್ಷಗಳ ತಯಾರಿಕೆ.

ಇನ್ನೊಂದು ಸಂಗತಿ ತಿಳಿಯದಿದ್ದರೆ ಮುಂದಿನದು ಅರ್ಥವಾಗದು. ಅಮೆರಿಕದಲ್ಲಿ ಸಾಮಾನ್ಯ ಬಂದೂಕುಗಳ ಮಾಲೀಕರ ಕೇಂದ್ರ ಪಟ್ಟಿ ಇಲ್ಲ. 1986ರ ಕಾನೂನು ಅದನ್ನು ನಿಷೇಧಿಸಿದೆ. ಅಂಗಡಿಯಲ್ಲಿ ಕೊಳ್ಳುವಾಗ ತುಂಬುವ 4473 ಅರ್ಜಿ ಅಂಗಡಿಯವನ ಬಳಿಯೇ ಉಳಿಯುತ್ತದೆ. ಕಂಪನಿಗೆ ಗೊತ್ತಿರುವುದು ಯಾವ ವಿತರಕನಿಗೆ ಯಾವ ನಂಬರಿನ ರೈಫಲ್ ಹೋಯಿತು ಎಂಬಲ್ಲಿಗೆ ಮುಗಿಯುತ್ತದೆ. ವಾರಂಟಿ ಕಾರ್ಡ್ ಕಳಿಸಿದವರಿಗೆ ಮಾತ್ರ ಪತ್ರ ತಲುಪುತ್ತದೆ. ಕೈ ಬದಲಾದ ರೈಫಲಿನ ಪಾಡು ಕೇಳುವುದೇ ಬೇಡ.

ಈ ರೈಫಲ್ ಕೈ ಬದಲಾದದ್ದೇ. .308 ತೋಟಾದ ಬೋಲ್ಟ್ ಆಕ್ಷನ್, ಅಂದರೆ ಪ್ರತಿ ಗುಂಡಿಗೂ ಬೋಲ್ಟ್ ಎಂಬ ಅಗುಳಿಯನ್ನು ಕೈಯಿಂದ ಎಳೆದು ಮುಚ್ಚುವಂಥದ್ದು; ಮರದ ಹಿಡಿ. ಗ್ರಾಹಕರು ಮೂರು ವರ್ಷದ ಹಿಂದೆ ಸಹೋದ್ಯೋಗಿಯೊಬ್ಬರಿಂದ ಕೊಂಡಿದ್ದರು. ದಾಖಲೆ ಎಂದರೆ ಕೈಬರಹದ ಒಂದು ಚೀಟಿ. ಮಾರಿದವರು ಕೈಕೆಲಸದ ಹವ್ಯಾಸಿ. ಟ್ರಿಗರಿನ ಬಿಗಿಯನ್ನು ಕಾರ್ಖಾನೆಯ 4 ಪೌಂಡಿನಿಂದ ಸುಮಾರು 2 ಪೌಂಡಿಗೆ ಇಳಿಸಿದ್ದರು, ಗುರಿ ನಿಖರವಾಗಲೆಂದು ಹಿಡಿಯೊಳಗೆ ಎಪಾಕ್ಸಿ ತುಂಬಿ ಲೋಹದ ಭಾಗವನ್ನು ಒತ್ತಾಗಿ ಕೂರಿಸಿದ್ದರು. ಇದನ್ನು ಬೆಡ್ಡಿಂಗ್ ಎನ್ನುತ್ತಾರೆ. ಎರಡನ್ನೂ ಮಾರುವಾಗ ಹೆಮ್ಮೆಯಿಂದಲೇ ಹೇಳಿದ್ದರು. ಕಥೆಯ ತಿರುವು ಎರಡೂ ಕಡೆ ಇದೆ.

ಏನಾಯಿತು

ಸೆಪ್ಟೆಂಬರಿನಲ್ಲಿ, ಬೇಟೆಯ ಋತುವಿಗೆ ಐದು ವಾರ ಇರುವಾಗ, ಗುರಿ ಸರಿನೋಡಲು ಗ್ರಾಹಕರು ಶೂಟಿಂಗ್ ರೇಂಜಿಗೆ ಹೋದರು. ತೋಟಾ ಹಾಕಿ, ಗುರಿಯಿಟ್ಟು, ಟ್ರಿಗರ್ ಎಳೆದರು. ಏನೂ ಆಗಲಿಲ್ಲ, ಗುಂಡು ಹಾರದಂತೆ ತಡೆಯುವ ಸನ್ನೆ, ಅಂದರೆ ಸೇಫ್ಟಿ, ಹಾಕಿಯೇ ಇತ್ತು. ಬೆರಳು ಹೊರಗೆ ತೆಗೆದು, ಹೆಬ್ಬೆರಳಿನಿಂದ ಸೇಫ್ಟಿಯನ್ನು ಮುಂದಕ್ಕೆ ತಳ್ಳಿದರು. ಗುಂಡು ಹಾರಿತು. ನಳಿಗೆ ಮಣ್ಣುದಿಬ್ಬದ ಕಡೆಗೇ ಇದ್ದುದರಿಂದ ಗುರಿಹಲಗೆಯ ಕೆಳಗೆ ಮಣ್ಣು ಚಿಮ್ಮಿದ್ದು ಬಿಟ್ಟರೆ ಮತ್ತೇನೂ ಆಗಲಿಲ್ಲ.

ಯಂತ್ರ ಗೊತ್ತಿದ್ದವರಿಗೆ ಈ ಕ್ರಮ ಕೇಳಿದೊಡನೆ ಕಿವಿ ನೆಟ್ಟಗಾಗುತ್ತದೆ. ಇಂಥ ರೈಫಲಿನಲ್ಲಿ ಬೋಲ್ಟ್ ಮುಚ್ಚಿದಾಗ, ತೋಟಾಕ್ಕೆ ಬಡಿದು ಹೊತ್ತಿಸುವ ಫೈರಿಂಗ್ ಪಿನ್ ಸ್ಪ್ರಿಂಗಿನ ಒತ್ತಡದಲ್ಲಿ ಮುಂದೆ ನುಗ್ಗಲು ಕಾದಿರುತ್ತದೆ. ಅದನ್ನು ತಡೆದಿರುವ ತುಂಡು ಸಿಯರ್. ಸಿಯರಿಗೆ ಆಧಾರ ಟ್ರಿಗರಿನ ತುದಿ. ಎರಡೂ ಒಂದರ ಮೇಲೊಂದು ಕೂತಿರುವ ಅಂಚು ಒಂದು ಇಂಚಿನ ನೂರನೆಯ ಭಾಗವೊಂದೆರಡು, ಅಷ್ಟೇ. ಕೆಲವು ವಿನ್ಯಾಸಗಳಲ್ಲಿ ಸೇಫ್ಟಿ ಹಾಕಿದರೆ ಟ್ರಿಗರಿಗೆ ಬೀಗ ಬೀಳುವುದಿಲ್ಲ. ಸಿಯರನ್ನೇ ಒಂದಿಷ್ಟು ಮೇಲಕ್ಕೆ ಎತ್ತಿ ಹಿಡಿಯುತ್ತದೆ. ಆಗ ಟ್ರಿಗರ್ ಎಳೆದರೆ ಅದು ಸಿಯರಿನ ಅಡಿಯಿಂದ ಜರುಗುತ್ತದೆ, ಬಿಟ್ಟೊಡನೆ ಸ್ಪ್ರಿಂಗ್ ಅದನ್ನು ಮರಳಿ ತರಬೇಕು. ಮರಳದಿದ್ದರೆ? ಸೇಫ್ಟಿ ತೆಗೆದಾಗ ಸಿಯರ್ ಕೆಳಗಿಳಿಯುತ್ತದೆ, ಕೆಳಗೆ ಆಧಾರವಿಲ್ಲ, ಪಿನ್ ನುಗ್ಗುತ್ತದೆ. ಒಣಗಿ ಗೋಂದಾದ ಎಣ್ಣೆ, ಕಸ, ತೇವ ಹೆಪ್ಪುಗಟ್ಟಿದ ಚಳಿ, ಹೆಚ್ಚಾದ ಅಂಟು, ಸಡಿಲ ಮಾಡಿದ ಸ್ಪ್ರಿಂಗ್, ಇವುಗಳಲ್ಲಿ ಒಂದು ಸಾಕು ಟ್ರಿಗರನ್ನು ಅರ್ಧದಾರಿಯಲ್ಲಿ ನಿಲ್ಲಿಸಲು.

ಗ್ರಾಹಕರು ಮೊದಲು ತಮ್ಮನ್ನೇ ಶಂಕಿಸಿದರು: ಬೆರಳು ತಾಗಿರಬೇಕು. ರೈಫಲ್ ಖಾಲಿ ಮಾಡಿ ಅದೇ ಕ್ರಮವನ್ನು 20 ಸಲ ಮಾಡಿ ನೋಡಿದರು. ಒಂದು ಸಲವೂ ಮರುಕಳಿಸಲಿಲ್ಲ. ಇಂಥ ಪ್ರಕರಣಗಳು ಹೆಚ್ಚಾಗಿ ಮುಗಿಯುವುದು ಇಲ್ಲಿಯೇ; ಮತ್ತೆ ಆಗಲಿಲ್ಲ, ಹಾಗಾದರೆ ತಪ್ಪು ನನ್ನದೇ ಎಂದುಕೊಂಡು ಜನ ಮನೆಗೆ ಹೋಗುತ್ತಾರೆ. ರೇಂಜಿನ ಅಧಿಕಾರಿ ಬಿಡಲಿಲ್ಲ. ನಡೆದದ್ದನ್ನು ಸಮಯ ಸಮೇತ ಬರೆದುಕೊಂಡರು, ಆ ದಿನ ಮತ್ತೆ ತೋಟಾ ಹಾಕಲು ಕೊಡಲಿಲ್ಲ, ಸೀರಿಯಲ್ ನಂಬರನ್ನು ಕಂಪನಿಯ ಪಟ್ಟಿಯಲ್ಲಿ ಹುಡುಕಿ ಎಂದರು.

ಒಂದು ಅಕ್ಷರ

ಆ ರಾತ್ರಿಯೇ ಹುಡುಕಿದರು. ಈ ಮಾದರಿಗೆ ಆರು ತಿಂಗಳ ಹಿಂದೆಯೇ ರೀಕಾಲ್ ಬಂದಿತ್ತು. ನಂಬರ್ ಹಾಕಿದರೆ ‘ನಿಮ್ಮ ರೈಫಲ್ ಈ ರೀಕಾಲಿಗೆ ಒಳಪಟ್ಟಿಲ್ಲ’ ಎಂಬ ಉತ್ತರ.

ಹಾಕಿದ್ದು ಚೀಟಿಯಲ್ಲಿದ್ದ ನಂಬರ್. ಮಾರಿದವರು ‘ಬಿ’ ಎಂಬ ಇಂಗ್ಲಿಷ್ ಅಕ್ಷರವನ್ನು ಬರೆದ ರೀತಿ 8ರಂತೆ ಕಾಣುತ್ತಿತ್ತು. ಎರಡು ದಿನ ಗ್ರಾಹಕರು ನಿಶ್ಚಿಂತರಾಗಿಯೇ ಇದ್ದರು. ಮನಸ್ಸು ತಡೆಯದೆ ಸಹಾಯವಾಣಿಗೆ ಕರೆ ಮಾಡಿದಾಗ, 40 ನಿಮಿಷ ಕಾದ ಮೇಲೆ ಸಿಕ್ಕ ಪ್ರತಿನಿಧಿ ಕೇಳಿದ ಮೊದಲ ಪ್ರಶ್ನೆ: ‘ನಂಬರನ್ನು ಎಲ್ಲಿಂದ ಓದುತ್ತಿದ್ದೀರಿ?’ ಲೋಹದ ಮೇಲಿರುವುದನ್ನೇ ಓದಬೇಕು, ಕೆತ್ತನೆ ಆಳವಿಲ್ಲದಿದ್ದರೆ ಸೀಮೆಸುಣ್ಣ ಉಜ್ಜಿ ಒರೆಸಬೇಕು, ಓರೆಯಾಗಿ ಬೆಳಕು ಬಿಟ್ಟು ಫೋಟೋ ತೆಗೆಯಬೇಕು ಎಂದು ಆಕೆ ಹೇಳಿಕೊಟ್ಟರು. ಸುಣ್ಣ ಗೆರೆಗಳಲ್ಲಿ ಉಳಿದು ‘ಬಿ’ ಎದ್ದು ಕಂಡಿತು. ರೈಫಲ್ ಪಟ್ಟಿಯೊಳಗೇ ಇತ್ತು. ಇಡೀ ಪ್ರಕರಣದಲ್ಲಿ ಕಂಪನಿಯ ಕಡೆಯಿಂದ ಬಂದ ಅತ್ಯುತ್ತಮ ಸೇವೆ ಯಾವುದೆಂದರೆ ಈ ಒಂದು ಪ್ರಶ್ನೆ.

ಮೂರು ದಾರಿ

ದುರಸ್ತಿಗೆ 6ರಿಂದ 8 ವಾರ ಎಂದರು ಕಂಪನಿಯವರು. ಋತು ಶುರುವಾಗಲು ಉಳಿದಿದ್ದು ಐದು ವಾರವೂ ಇಲ್ಲ. ಗ್ರಾಹಕರ ಮುಂದೆ ಮೂರು ದಾರಿಗಳಿದ್ದವು.

ಒಂದು, ಈ ಋತು ಹೇಗೋ ಎಚ್ಚರದಿಂದ ಬಳಸಿ ಆಮೇಲೆ ಕಳಿಸುವುದು. ‘ಸೇಫ್ಟಿಯನ್ನೇ ಮುಟ್ಟುವುದಿಲ್ಲ, ಚೇಂಬರ್ ಖಾಲಿಯಿಟ್ಟು ನಡೆಯುತ್ತೇನೆ, ಪ್ರಾಣಿ ಕಂಡಾಗ ಮಾತ್ರ ತೋಟಾ ಹಾಕುತ್ತೇನೆ’ ಎಂಬ ಲೆಕ್ಕ. ಚೇಂಬರ್ ಎಂದರೆ ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಗೂಡು. ಕೇಳಲು ಬುದ್ಧಿವಂತಿಕೆಯಂತಿದೆ. ಆದರೆ ಟ್ರಿಗರ್ ಮರಳದೆ ನಿಂತಿದ್ದರೆ ಬೋಲ್ಟ್ ಮುಚ್ಚುವಾಗಲೇ ಸಿಯರಿಗೆ ಆಧಾರ ಸಿಗದೆ ಗುಂಡು ಹಾರಬಹುದು; ಸೇಫ್ಟಿ ಮುಟ್ಟದಿರುವುದು ಅದಕ್ಕೆ ಅಡ್ಡಿಯಲ್ಲ. ತೋಟಾ ಹಾಕುವುದು ಅವಸರದಲ್ಲಿ, ಪಕ್ಕದಲ್ಲಿ ಜೊತೆಗಾರ ಇರುವಾಗ. ಅಂದರೆ ಅಪಾಯವನ್ನು ನಿಶ್ಚಿಂತ ಗಳಿಗೆಯಿಂದ ಗಡಿಬಿಡಿಯ ಗಳಿಗೆಗೆ ದಾಟಿಸಿದಂತಾಯಿತು. ರೀಕಾಲ್ ಪತ್ರಗಳಲ್ಲಿ ‘ಬಳಕೆ ಕೂಡಲೇ ನಿಲ್ಲಿಸಿ’ ಎಂದು ಬರೆದಿರುವುದು ವಕೀಲರ ಮಾತಷ್ಟೇ ಎಂದು ತಿಳಿಯುವವರಿದ್ದಾರೆ. ಅದು ಎಂಜಿನಿಯರನ ಮಾತೂ ಹೌದು.

ಎರಡು, ಊರಿನ ಬಂದೂಕು ದುರಸ್ತಿಗಾರರಿಂದ ಬೇರೆ ಕಂಪನಿಯ ಟ್ರಿಗರ್ ಹಾಕಿಸುವುದು. ಭಾಗಕ್ಕೆ 150 ಡಾಲರಿನ ಆಸುಪಾಸು, ಒಂದು ದಿನದ ಕೆಲಸ. ದುರಸ್ತಿಗಾರರೇ ಇದಕ್ಕೆ ಒಪ್ಪಲಿಲ್ಲ. ಹಾಕಿದ ಮೇಲೆ ರೈಫಲ್ ರೀಕಾಲಿನ ಲೆಕ್ಕದಿಂದ ಹೊರಬೀಳುತ್ತದೆ, ಮುಂದೆ ಮಾರಿದರೆ ಆ ನಂಬರ್ ಕಂಪನಿಯ ಪಟ್ಟಿಯಲ್ಲಿ ‘ದುರಸ್ತಿಯಾಗದ್ದು’ ಎಂದೇ ಉಳಿಯುತ್ತದೆ, ಕಳಚಿಟ್ಟ ಹಳೆಯ ಟ್ರಿಗರನ್ನು ಯಾರೋ ಮತ್ತೆಲ್ಲೋ ಹಾಕುತ್ತಾರೆ ಎಂದರು. ಕೊನೆಯದು ಊಹೆಯಲ್ಲ, ಹಳೆಯ ಟ್ರಿಗರುಗಳಿಗೆ ಸಂತೆಯಲ್ಲಿ ಗಿರಾಕಿ ಇದ್ದೇ ಇದ್ದಾರೆ.

ಮೂರು, ಕೂಡಲೇ ಕಳಿಸಿ ಈ ಋತುವಿಗೆ ಬೇರೆ ರೈಫಲ್ ಎರವಲು ತರುವುದು. ಇದನ್ನೇ ಆರಿಸಿದರು.

ಅದರೊಳಗೇ ಇನ್ನೊಂದು ಪ್ರಶ್ನೆ ಅಡಗಿತ್ತು: ಟ್ರಿಗರ್ ಸಡಿಲಿಸಿದ್ದನ್ನು ಹೇಳಬೇಕೇ? ಹೇಳಿದರೆ ಉಚಿತ ದುರಸ್ತಿ ಇಲ್ಲವೆನ್ನಬಹುದೆಂಬ ಅಳುಕು. ಅರ್ಜಿಯಲ್ಲಿ ಹೇಳಿದರು. ಕಂಪನಿಯವರದು ಸರಳ ನಿಲುವು: ಟ್ರಿಗರ್ ಜೋಡಣೆಯನ್ನು ಪೂರ್ತಿ ಬದಲಿಸುತ್ತೇವೆ, ಹಳೆಯದನ್ನು ಹಿಂದಿರುಗಿಸುವುದಿಲ್ಲ, ಹೊಸದು ಕಾರ್ಖಾನೆಯ ಬಿಗಿಯಲ್ಲೇ ಬರುತ್ತದೆ. ಎಪಾಕ್ಸಿಯ ವಿಷಯ ಅರ್ಜಿಯಲ್ಲಿ ಯಾರೂ ಕೇಳಿರಲಿಲ್ಲ. ಇವರಿಗೂ ಹೇಳಬೇಕೆಂದು ಹೊಳೆಯಲಿಲ್ಲ.

ಕಳಿಸುವ ಕೆಲಸ

ಅಮೆರಿಕದ ಕಾನೂನಿನಲ್ಲಿ ಸಾಮಾನ್ಯ ವ್ಯಕ್ತಿ ತನ್ನ ಬಂದೂಕನ್ನು ದುರಸ್ತಿಗಾಗಿ ಲೈಸೆನ್ಸ್ ಇರುವ ತಯಾರಕರಿಗೆ ನೇರವಾಗಿ ಕಳಿಸಬಹುದು. ದುರಸ್ತಿಯಾದದ್ದು, ಅಥವಾ ಅದೇ ಬಗೆಯ ಬದಲಿ ಬಂದೂಕು, ನೇರವಾಗಿ ಮನೆಗೇ ಮರಳಬಹುದು, ನಡುವೆ ಅಂಗಡಿ ಬೇಕಿಲ್ಲ. ರಾಜ್ಯದ ನಿಯಮ ಇದಕ್ಕಿಂತ ಬಿಗಿಯಾಗಿದ್ದರೆ ಅದನ್ನು ಪಾಲಿಸಬೇಕು.  ರೈಫಲನ್ನು ಸರ್ಕಾರಿ ಅಂಚೆಯಲ್ಲಿ ಕಳಿಸಬಹುದಾದರೂ ಕಂಪನಿ ತನ್ನ ಖಾತೆಯ ಖಾಸಗಿ ಕೊರಿಯರ್ ಲೇಬಲನ್ನೇ ಮಿಂಚಂಚೆಯಲ್ಲಿ ಕಳಿಸಿತು. ಖರ್ಚು ಕಂಪನಿಯದು. ಹೀಗೆ ಕಂಪನಿಯ ಖಾತೆಯಲ್ಲಿ ಹೋಗುವುದು ಮುಖ್ಯ, ಏಕೆಂದರೆ ದೊಡ್ಡ ಕೊರಿಯರುಗಳು ವ್ಯಕ್ತಿಗಳಿಂದ ನೇರವಾಗಿ ಬಂದೂಕು ಸ್ವೀಕರಿಸಲು ಹಿಂದೇಟು ಹಾಕುತ್ತವೆ.

ಗ್ರಾಹಕರು ಮಾಡಿದ್ದು ಇಷ್ಟು. ಬೋಲ್ಟ್ ತೆಗೆದು ನಳಿಗೆಯ ಮೂಲಕ ಬೆಳಕು ನೋಡಿದರು, ಚೇಂಬರಿಗೆ ಬೆರಳು ಹಾಕಿ ಖಾಲಿಯೆಂದು ಖಚಿತಪಡಿಸಿಕೊಂಡರು, ಬೋಲ್ಟನ್ನು ಮತ್ತೆ ಒಳಗಿಟ್ಟು ಖಾಲಿಯೆಂದು ತೋರಿಸುವ ಪ್ಲಾಸ್ಟಿಕ್ ಬಾವುಟವನ್ನು ಚೇಂಬರಿಗೆ ಸಿಕ್ಕಿಸಿದರು. ಬೋಲ್ಟ್ ಇಲ್ಲದೆ ಕಳಿಸಿದರೆ ಅಲ್ಲಿ ಪರೀಕ್ಷೆಯೇ ಆಗದು. ಗುರಿ ನೋಡುವ ದೂರದರ್ಶಕ, ಅದರ ಉಂಗುರ, ಹೆಗಲ ಪಟ್ಟಿ, ಮ್ಯಾಗಜೀನ್ ಎಲ್ಲ ಕಳಚಿ ಮನೆಯಲ್ಲಿಟ್ಟರು. ಜೊತೆಗೆ ಹೋದ ವಸ್ತು ಮರಳದಿದ್ದರೆ ಜಗಳಕ್ಕೆ ಸಾಕ್ಷಿ ಇರುವುದಿಲ್ಲ. ತೋಟಾ ಒಂದೂ ಪೆಟ್ಟಿಗೆಯ ಹತ್ತಿರ ಸುಳಿಯಲಿಲ್ಲ. ನಂಬರ್, ಹಿಡಿಯ ಮೇಲಿದ್ದ ಹಳೆಯ ಗೀರುಗಳು, ನಳಿಗೆಯ ತುದಿ, ಇವುಗಳ ಫೋಟೋ ತೆಗೆದರು. ನಡೆದ ಘಟನೆಯನ್ನು ಅರ್ಧ ಪುಟದಲ್ಲಿ ಬರೆದು ರೇಂಜಿನ ವರದಿಯ ಪ್ರತಿಯೊಂದಿಗೆ ಒಳಗಿಟ್ಟರು. ಪೆಟ್ಟಿಗೆಯ ಹೊರಗೆ ಬಂದೂಕು ಎಂಬ ಸುಳಿವು ಬರೆಯಲಿಲ್ಲ. ಹಾಗೆ ಬರೆಯಲೇಬೇಕೆಂದು ಸಾಗಣೆದಾರರು ಕೇಳುವಂತೆಯೂ ಇಲ್ಲ, ಅದು ಕಳ್ಳರಿಗೆ ಕೊಟ್ಟ ಆಹ್ವಾನ. ಪೆಟ್ಟಿಗೆಯನ್ನು ಕೊರಿಯರಿನ ಸ್ವಂತ ಕಚೇರಿಯಲ್ಲೇ ಕೊಟ್ಟು ರಸೀದಿ ಪಡೆದರು.

ಆಮೇಲೆ ಮೌನ. ‘ತಲುಪಿದೆ’ ಎಂಬ ಒಂದು ಸಂದೇಶ ಬಿಟ್ಟರೆ ಏಳು ವಾರ ಸುದ್ದಿಯಿಲ್ಲ. ಮೂರು ಸಲ ಕರೆ ಮಾಡಿದಾಗಲೂ ಬೇರೆ ಬೇರೆ ಪ್ರತಿನಿಧಿಗಳು, ಪ್ರತಿ ಸಲವೂ ಮೊದಲಿನಿಂದ ಕಥೆ. ಗ್ರಾಹಕರ ದೊಡ್ಡ ದೂರು ತಡವಾದದ್ದಕ್ಕಲ್ಲ, ಈ ಮೌನಕ್ಕೆ.

ಹೊಸ ಟ್ರಿಗರ್, ಹಳೆಯ ಲಕ್ಷಣ

ಒಂಬತ್ತನೆಯ ವಾರ ರೈಫಲ್ ಮರಳಿತು. ಜೊತೆಗೆ ಕೆಲಸದ ಚೀಟಿ, ಕಂಪನಿಯ ಹೆಸರಿದ್ದ ಒಂದು ಟೋಪಿ. ಚೀಟಿಯಲ್ಲಿ ‘ಟ್ರಿಗರ್ ಬದಲಿಸಲಾಗಿದೆ, ಕಾರ್ಯ ಪರೀಕ್ಷೆ ಮುಗಿದಿದೆ’ ಎಂದಷ್ಟೇ ಇತ್ತು. ಯಾವ ಪರೀಕ್ಷೆ, ಎಷ್ಟು ಸಲ, ಹಿಡಿ ಜೋಡಿಸಿಯೋ ಬಿಚ್ಚಿಯೋ ಎಂಬುದಿಲ್ಲ.

ಹೆಚ್ಚಿನವರು ಇಲ್ಲಿಂದ ನೇರವಾಗಿ ರೇಂಜಿಗೆ ಹೋಗುತ್ತಾರೆ. ಈ ಗ್ರಾಹಕರು ದುರಸ್ತಿಗಾರರ ಮಾತಿನಂತೆ ಮೊದಲು ಖಾಲಿ ರೈಫಲಿನಲ್ಲಿ ಪರೀಕ್ಷಿಸಿದರು. ತೋಟಾ ಎಲ್ಲ ಬೇರೆ ಕೋಣೆಯಲ್ಲಿ, ಚೇಂಬರಿನಲ್ಲಿ ಮದ್ದಿಲ್ಲದ ನಕಲಿ ತೋಟಾ, ನಳಿಗೆ ಸುರಕ್ಷಿತ ದಿಕ್ಕಿಗೆ. ಬೋಲ್ಟನ್ನು ಮೆಲ್ಲಗೆ 10 ಸಲ, ಜೋರಾಗಿ 10 ಸಲ ಮುಚ್ಚಿ ಪಿನ್ ಬೀಳುತ್ತದೆಯೇ ಎಂದು ನೋಡಿದರು. ಬೀಳಲಿಲ್ಲ. ಹಿಡಿಯ ಹಿಂಬದಿಯ ರಬ್ಬರಿಗೆ ರಬ್ಬರ್ ಸುತ್ತಿಗೆಯಿಂದ ಬಡಿದರು. ಅದೂ ಸರಿ. ಸೇಫ್ಟಿಯನ್ನು ಎರಡು ನೆಲೆಗಳ ನಡುವೆ ನಿಲ್ಲಿಸಿ ಟ್ರಿಗರ್ ಎಳೆದು, ಬಿಟ್ಟು, ಮುಂದಕ್ಕೆ ತಳ್ಳಿದರು. ಸರಿ. ಕೊನೆಗೆ ರೇಂಜಿನಲ್ಲಿ ನಡೆದ ಕ್ರಮ: ಸೇಫ್ಟಿ ಹಾಕಿ, ಟ್ರಿಗರ್ ಬಲವಾಗಿ ಎಳೆದು, ಬಿಟ್ಟು, ಸೇಫ್ಟಿ ತೆಗೆಯುವುದು. 20ರಲ್ಲಿ 3 ಸಲ ‘ಟಕ್’ ಎಂದಿತು.

ಹೊಸ ಟ್ರಿಗರಿನಲ್ಲಿ ಹಳೆಯ ರೋಗ ಹೇಗೆ? ದುರಸ್ತಿಗಾರರು ಹಿಡಿ ಬಿಚ್ಚಿ ಅದೇ ಪರೀಕ್ಷೆ 50 ಸಲ ಮಾಡಿದರು. ಒಮ್ಮೆಯೂ ಬೀಳಲಿಲ್ಲ. ಹಿಡಿ ಜೋಡಿಸಿ ತಿರುಪು ಬಿಗಿದೊಡನೆ ಮತ್ತೆ ಶುರು. ದೋಷ ಟ್ರಿಗರಿನಲ್ಲಿರಲಿಲ್ಲ, ಹಿಡಿಯಲ್ಲಿತ್ತು. ಹಳೆಯ ಟ್ರಿಗರಿನ ಅಳತೆಗೆ ಸರಿಯಾಗಿ ಹರಿದು ಗಟ್ಟಿಯಾಗಿದ್ದ ಎಪಾಕ್ಸಿಯ ಅಂಚು, ಕೂದಲೆಳೆಯಷ್ಟು ಅಗಲವಾದ ಹೊಸ ಟ್ರಿಗರಿನ ಪಕ್ಕಕ್ಕೆ ಉಜ್ಜುತ್ತಿತ್ತು. ಉಜ್ಜಿದ ಕಡೆ ಹೊಳೆಯುವ ಗೆರೆಯೂ ಬಿದ್ದಿತ್ತು. ಕಂಪನಿಯಲ್ಲಿ ಪರೀಕ್ಷೆ ನಡೆದದ್ದು ಹಿಡಿ ಇಲ್ಲದೆ, ಲೋಹದ ಭಾಗವನ್ನು ಮಾತ್ರ ಇಕ್ಕಳದಲ್ಲಿ ಕೂರಿಸಿ. ಅಲ್ಲಿ ಎಲ್ಲವೂ ಸರಿಯಿತ್ತು, ಅವರು ಬರೆದದ್ದು ಸುಳ್ಳಲ್ಲ.

ಹಾಗಾದರೆ ಮೊದಲ ಘಟನೆಗೆ ಕಾರಣ ಯಾವುದು, ರೀಕಾಲಿನ ದೋಷವೋ, ಸಡಿಲ ಸ್ಪ್ರಿಂಗೋ, ಎಪಾಕ್ಸಿಯೋ? ಹಳೆಯ ಟ್ರಿಗರ್ ಕಂಪನಿಯ ಬಳಿ ಉಳಿದುದರಿಂದ ಅದು ಇತ್ಯರ್ಥವಾಗಲಿಲ್ಲ. ಮೂರೂ ಒಂದೇ ದಿಕ್ಕಿಗೆ ದೂಡುವ ಕಾರಣಗಳು ಎಂಬುದಂತೂ ನಿಜ.

ದುರಸ್ತಿಗಾರರು ಅಲ್ಲೇ ಅರದಿಂದ ಉಜ್ಜಿ ಮುಗಿಸಬಹುದಿತ್ತು, ಹತ್ತು ನಿಮಿಷದ ಕೆಲಸ. ಗ್ರಾಹಕರು ಬೇಡವೆಂದು ಮೊದಲು ಕಂಪನಿಗೆ ಬರೆದರು: ಪರೀಕ್ಷೆಯ ಕ್ರಮ, 20ಕ್ಕೆ 3 ಎಂಬ ಲೆಕ್ಕ, ಹಿಡಿ ಬಿಚ್ಚಿದಾಗಿನ ಫಲಿತಾಂಶ, ಹೊಳೆಯುವ ಗೆರೆಯ ಫೋಟೋ, 30 ಸೆಕೆಂಡಿನ ವಿಡಿಯೋ. ಈ ಸಲ ಉತ್ತರ ಮರುದಿನವೇ ಬಂತು, ಪ್ರತಿನಿಧಿಯಿಂದಲ್ಲ, ತಾಂತ್ರಿಕ ವಿಭಾಗದಿಂದ. ‘ನನ್ನ ರೈಫಲ್ ಇನ್ನೂ ಸರಿಯಿಲ್ಲ’ ಎಂಬ ಸಾಲು ಸಹಾಯವಾಣಿಯ ಸರದಿಯಲ್ಲಿ ನಿಲ್ಲುತ್ತದೆ. ಮರುಕಳಿಸಿ ತೋರಿಸಬಲ್ಲ ದೋಷ ಎಂಜಿನಿಯರನ ಮೇಜಿಗೆ ಹೋಗುತ್ತದೆ. ಎರಡನೆಯ ಲೇಬಲ್ ಬಂತು. ಅಲ್ಲಿ ಹಿಡಿಯ ಸೀಳನ್ನು ಎರಡೂ ಬದಿ ಸುಮಾರು 1 ಮಿಲಿಮೀಟರ್ ಅಗಲಿಸಿ, ತಿರುಪು ಬಿಗಿದ ಸ್ಥಿತಿಯಲ್ಲೇ ಪರೀಕ್ಷಿಸಿ ಮೂರು ವಾರದಲ್ಲಿ ಕಳಿಸಿದರು. ಈ ಬಾರಿ ಚೀಟಿಯಲ್ಲಿ ಪರೀಕ್ಷೆಗಳ ಹೆಸರು, ಟ್ರಿಗರಿನ ಬಿಗಿ 4 ಪೌಂಡು ಎಂಬುದೂ ಇತ್ತು. ಮನೆಯಲ್ಲಿ 100 ಸಲ ಮಾಡಿದರೂ ಪಿನ್ ಬೀಳಲಿಲ್ಲ.

ಗುರಿ ಮತ್ತೆ ಕೂರಿಸುವ ಕೆಲಸ ಉಳಿದಿತ್ತು. ಹಿಡಿಯ ತಿರುಪುಗಳನ್ನು ಬಿಚ್ಚಿ ಬಿಗಿದರೆ ಗುಂಡು ಬೀಳುವ ಜಾಗ ಬದಲಾಗುವುದು ಸಹಜ. ಇಲ್ಲಿ 100 ಗಜದಲ್ಲಿ 4 ಇಂಚು ಎಡಕ್ಕೆ ಹೋಗಿತ್ತು. ಟಾರ್ಕ್ ವ್ರೆಂಚಿನಲ್ಲಿ ಹಿಡಿಯ ತಿರುಪುಗಳನ್ನು 40, ದೂರದರ್ಶಕದ ಉಂಗುರಗಳನ್ನು 17 ಇಂಚು-ಪೌಂಡಿಗೆ ಬಿಗಿದು 12 ತೋಟಾ ಖರ್ಚು ಮಾಡಿ ಸರಿಪಡಿಸಿದರು. ತೋಟಾದ ಹಣ ಕೇಳಿದಾಗ ಕಂಪನಿ ಕೊಡಲಿಲ್ಲ; ಇನ್ನೊಂದು ಟೋಪಿ ಕಳಿಸಿತು.

ಇದರಿಂದ ತೆಗೆದುಕೊಳ್ಳಬಹುದಾದದ್ದು

ರೀಕಾಲ್ ಸೀರಿಯಲ್ ನಂಬರನ್ನು ನೋಡುತ್ತದೆ, ರೈಫಲಿನ ಚರಿತ್ರೆಯನ್ನಲ್ಲ. ಕಾರ್ಖಾನೆಯಿಂದ ಹೊರಟಾಗಿನ ವಸ್ತು ಎಂದೇ ಭಾವಿಸಿ ಅದನ್ನು ಸರಿಪಡಿಸುತ್ತಾರೆ. ಆದ್ದರಿಂದ ಅರ್ಜಿಯಲ್ಲಿ ಕೇಳದಿದ್ದರೂ ಮಾಡಿದ ಬದಲಾವಣೆಗಳನ್ನೆಲ್ಲ ಬರೆಯಬೇಕು: ಸ್ಪ್ರಿಂಗ್, ತಿರುಪು, ಬೆಡ್ಡಿಂಗ್, ಬದಲಿಸಿದ ಹಿಡಿ, ಯಾವುದೂ ಸಣ್ಣದಲ್ಲ. ಎಪಾಕ್ಸಿ ಎಂಬ ಒಂದು ಪದ ಮೊದಲ ಅರ್ಜಿಯಲ್ಲಿದ್ದಿದ್ದರೆ ಎರಡನೆಯ ಪ್ರಯಾಣ ಬಹುಶಃ ಉಳಿಯುತ್ತಿತ್ತು. ಕಂಪನಿಗಳ ಕಡೆಗೂ ಇದೇ ಮಾತು. ಅರ್ಜಿಯಲ್ಲಿ ಆ ಪ್ರಶ್ನೆಗೆ ಒಂದು ಸಾಲು ಜಾಗ ಬಿಟ್ಟರೆ, ಪರೀಕ್ಷೆಯನ್ನು ಪೂರ್ತಿ ಜೋಡಿಸಿದ ರೈಫಲಿನಲ್ಲಿ ಮಾಡಿದರೆ, ಅರ್ಧ ತಲೆನೋವು ಅಲ್ಲೇ ಇಳಿಯುತ್ತದೆ.

ಮನೆಯ ಪರೀಕ್ಷೆಗೆ ಒಂದು ಮಿತಿ ಇದೆ, ಅದನ್ನು ಮರೆತರೆ ಅನಾಹುತ. ಪಿನ್ ಬಿದ್ದರೆ ದೋಷವಿದೆ ಎಂದರ್ಥ. ಬೀಳದಿದ್ದರೆ ದೋಷವಿಲ್ಲ ಎಂದಲ್ಲ. ಸೆಪ್ಟೆಂಬರಿನ ಆ 20 ಪ್ರಯತ್ನಗಳೂ ನಿರ್ದೋಷವೆಂದೇ ಹೇಳಿದ್ದವು. ಪಟ್ಟಿಯಲ್ಲಿರುವ ರೈಫಲನ್ನು ಇಂಥ ಪರೀಕ್ಷೆ ಮಾಡಿ ‘ನನ್ನದು ಸರಿಯಿದೆ’ ಎಂದು ಕಳಿಸದೆ ಇಟ್ಟುಕೊಳ್ಳುವವರು ಈ ವ್ಯತ್ಯಾಸವನ್ನು ಗಮನಿಸುವುದಿಲ್ಲ. ದುರಸ್ತಿಯಾಗಿ ಬಂದದ್ದನ್ನು ಒಪ್ಪಿಕೊಳ್ಳುವ ಮೊದಲು ಮಾಡಬೇಕಾದ ಪರೀಕ್ಷೆ ಇದು, ದುರಸ್ತಿಗೆ ಬದಲಿಯಲ್ಲ.

ನಂಬರನ್ನು ಲೋಹದಿಂದಲೇ ಓದುವ ಮಾತು ಆಗಲೇ ಬಂತು. ಸೆಕೆಂಡ್ ಹ್ಯಾಂಡ್ ಕೊಂಡ ದಿನವೇ ಅದನ್ನು ಹುಡುಕಿನೋಡಿ ಕಂಪನಿಗೆ ವಿಳಾಸ ಕೊಟ್ಟಿದ್ದರೆ ಪತ್ರ ಆರು ತಿಂಗಳು ಮೊದಲೇ ತಲುಪುತ್ತಿತ್ತು, ಋತುವಿಗೆ ರೈಫಲ್ ಎರವಲು ತರಬೇಕಾಗುತ್ತಿರಲಿಲ್ಲ.

ಎಲ್ಲ ಮುಗಿದ ಮೇಲೆ ಗ್ರಾಹಕರು ರೈಫಲ್ ಮಾರಿದ ಸಹೋದ್ಯೋಗಿಗೆ ವಿಷಯ ತಿಳಿಸಿದರು. ಅವರು ಅದೇ ವರ್ಷ ಅದೇ ಮಾದರಿಯ ಎರಡು ರೈಫಲುಗಳನ್ನು ಕೊಂಡಿದ್ದರು, ಎರಡಕ್ಕೂ ಒಂದೇ ಡಬ್ಬಿಯ ಎಪಾಕ್ಸಿ ಹಾಕಿದ್ದರು. ಎರಡನೆಯದು ಅಳಿಯನ ಬೀರುವಿನಲ್ಲಿತ್ತು. ಸೀಮೆಸುಣ್ಣ ಉಜ್ಜಿ ಓದಿದರು. ಪಟ್ಟಿಯೊಳಗೇ ಇತ್ತು. ಲೇಬಲ್ ಅರ್ಜಿಯ ಕೊನೆಯಲ್ಲಿ, ಯಾರೂ ಕೇಳದಿದ್ದರೂ, ಎಪಾಕ್ಸಿಯ ವಿಷಯ ಮೂರು ಸಾಲು ಬರೆದು ಕಳಿಸಿದರು.